ವೆಸ್ಟ್ ಎಂದರೆ ಯಾವ ಬಟ್ಟೆ

ಮೊನ್ನೆ ಅಂಗಡಿಯಲ್ಲಿ ಬಿಳಿ ಬಟ್ಟೆಯ ಥಾನು ಬಿಚ್ಚಿದಾಗ ಹೊಸ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಹಿಂದೂಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹೊಲಿಗೆ ಅಕ್ಕ ನೆನಪಾದಳು.

ಅಕ್ಕ ಕಲ್ಯಾಣದುರ್ಗದ ನೇಕಾರರ ಮನೆಯ ಮಗಳು. ಮದುವೆಯಾಗಿ ಬಂದ ಮೇಲೆ ಜಗುಲಿಯಲ್ಲಿ ಮಿಷನ್ ಇಟ್ಟುಕೊಂಡಿದ್ದಳು. ಎಂಬತ್ತರ ದಶಕದ ಆರಂಭ ಇರಬೇಕು, ನಾನಾಗ ಕಾಲೇಜಿನಲ್ಲಿ ಇಂಟರ್ ಓದುತ್ತಿದ್ದೆ. ತಾನು ಹೊಲಿಯುವ ಬಟ್ಟೆಗಳ ಇಂಗ್ಲಿಷ್ ಹೆಸರಿಗೆಲ್ಲ ಅವಳಿಗೆ ಅರ್ಥ ಬೇಕಿತ್ತು. ನಾನು ಡಿಕ್ಷನರಿ ನೋಡಿ, ಪೆಟಿಕೋಟ್ ಎಂದರೆ ಮೂಲದಲ್ಲಿ ಚಿಕ್ಕ ಕೋಟು ಎಂದಾಗ, ಕೈಲಿದ್ದ ಲಂಗವನ್ನು ತಿರುಗಿಸಿ ನೋಡಿದಳು.

“ಕೋಟು ಅಂದ್ರೆ ತೋಳಿರ್ಬೇಕಲ್ಲಮ್ಮ. ಇದ್ರಾಗೆ ಎಲ್ಲೈತೆ?”

ಪೈಜಾಮ ಇಂಗ್ಲಿಷೇ ಅಲ್ಲ, ಪಾರಸಿ ಮಾತು ಎಂದ ಮೇಲಂತೂ ಇಬ್ಬರಿಗೂ ಗೊಂದಲವೇ...

ಒಮ್ಮೆ ಒಂದು ಶಾಲೆಯಿಂದ ಬಟ್ಟೆಯ ಜೊತೆ ಚೀಟಿ ಬಂತು. ಬಿಳಿ ವೆಸ್ಟ್, ಇಪ್ಪತ್ತು. ಕೆಳಗೆ ಅಳತೆ, ಅಷ್ಟೇ. ಡಿಕ್ಷನರಿಯಲ್ಲಿ ಎರಡು ಅರ್ಥವಿತ್ತು: ಬನಿಯನ್ ಒಂದು, ಅಂಗಿಯ ಮೇಲೆ ತೊಡುವ ತೋಳಿಲ್ಲದ ಕೋಟು ಇನ್ನೊಂದು. ಬನಿಯನ್ ಯಾರಾದರೂ ಹೊಲಿಸುತ್ತಾರೆಯೇ ಎಂದುಕೊಂಡು, “ವೇಸ್ಟ್‌ಕೋಟು ಅಕ್ಕ” ಎಂದು ಒಂದನ್ನೇ ಹೇಳಿದೆ.

ಅಕ್ಕ ಗುಂಡಿ, ಜೇಬು ಎಲ್ಲ ಇಟ್ಟು ಚೆಂದಾಗಿ ಹೊಲಿದಳು. ಒಯ್ಯಲು ಬಂದ ಮೇಷ್ಟ್ರು ದಂಗಾದರು. ಅವರಿಗೆ ಬೇಕಾಗಿದ್ದು ಆಟೋಟಕ್ಕೆ ಬನಿಯನ್. ಅದೂ ಎರಡು ದಿನದಲ್ಲಿ.

ಅಂದು ಸಂಜೆ ಅಕ್ಕ ತನ್ನ ತಂಗಿಯ ಮದುವೆಗೆ ಕಲ್ಯಾಣದುರ್ಗದ ಬಸ್ಸು ಹತ್ತಬೇಕಿತ್ತು. ಕಟ್ಟಿದ ಚೀಲ ಮೂಲೆಗಿಟ್ಟು, ತಾನೇ ಬೇರೆ ಬಟ್ಟೆ ತಂದು ಮತ್ತೆ ಕತ್ತರಿ ಹಿಡಿದಳು. ನಾನು ಎದುರಿಗೆ ನಿಂತೇ ಇದ್ದೆ. ಅವಳು ಬೈಯಲಿಲ್ಲ. “ಒಂದು ಮಾತಿಗೆ ಎರಡು ಬಟ್ಟೆ ಯಾಕಿಟ್ರಮ್ಮ ಅವ್ರು?” ಎಂದಷ್ಟೇ ಕೇಳಿದಳು. ಎರಡೂ ಅರ್ಥ ನನಗೆ ಮೊದಲೇ ಕಂಡಿದ್ದವು ಎನ್ನಲು ನಾಲಿಗೆ ಏಳಲಿಲ್ಲ.

ಬೇಡವಾದ ವೇಸ್ಟ್‌ಕೋಟುಗಳ ಗಂಟನ್ನೂ ಹೊತ್ತು ಅವಳು ಊರು ತಲುಪುವ ಹೊತ್ತಿಗೆ ತಂಗಿಗೆ ತಾಳಿ ಕಟ್ಟಿಯಾಗಿತ್ತಂತೆ.

ವಾಪಸ್ಸು ಬಂದಾಗ ಅವಳ ಕೈಯಲ್ಲಿ ವೇಸ್ಟ್‌ಕೋಟಿನ ಗಂಟು ಇರಲಿಲ್ಲ. “ರಾತ್ರಿ ಮೆರವಣಿಗೇಲಿ ಬ್ಯಾಂಡಿನೋರಿಗೆ ಹಾಕಿಸ್ದೆ ಕಣಮ್ಮ. ಎದೆ ಹತ್ರ ಬಿಗಿ, ಗುಂಡಿ ಹಾಕಕ್ಕಾಗ್ಲಿಲ್ಲ. ಆದ್ರೂ ಬಾಗುಂದಿ, ಚೆಂದೈತೆ ಅಂದ್ರು ಎಲ್ರೂ” ಎಂದು ನಕ್ಕಳು. ನನ್ನ ಸಮಾಧಾನಕ್ಕೆ ಹಾಗಂದಳೋ, ನಿಜಕ್ಕೂ ಖುಷಿಯಾಗಿತ್ತೋ... ಇವತ್ತಿಗೂ ಗೊತ್ತಿಲ್ಲ. ಅದಾದ ಮೇಲೂ ಅವಳು ಅರ್ಥ ಕೇಳುವುದನ್ನು ಬಿಡಲಿಲ್ಲ. ನಾನೇ ಡಿಕ್ಷನರಿ ಸಿಗಲಿಲ್ಲ ಎಂದು ತಪ್ಪಿಸಿಕೊಳ್ಳುತ್ತಿದ್ದೆ.

ಆಮೇಲೆ ಅವಳು ಸಂಸಾರ ಸಮೇತ ಕಲ್ಯಾಣದುರ್ಗಕ್ಕೇ ಹೋದಳು. ನಾನು ಬಿ.ಎ. ಸೇರಿ, ಲೈಬ್ರರಿಯ ದಪ್ಪ ಡಿಕ್ಷನರಿಯಲ್ಲಿ ಒಂದು ದಿನ ಆ ವೆಸ್ಟ್ ಪದ ಹುಡುಕಿದೆ. ಲ್ಯಾಟಿನ್ನಿನಿಂದ ಬಂದದ್ದು. ಅಲ್ಲಿ ಅದಕ್ಕೆ ಬನಿಯನ್ ಎಂದೂ ಇಲ್ಲ, ಕೋಟು ಎಂದೂ ಇಲ್ಲ. ಬರೀ ‘ಬಟ್ಟೆ’.

ಹೋಗಿ ಹೇಳಬೇಕು, ಜೊತೆಗೆ ಅಂದು ಮುಚ್ಚಿಟ್ಟ ಆ ಇನ್ನೊಂದು ಮಾತನ್ನೂ ಹೇಳಿಬಿಡಬೇಕು ಎಂದುಕೊಂಡೆ. ಪರೀಕ್ಷೆ, ಕೆಲಸ ಎಂದು ಮುಂದೆ ಹಾಕಿದೆ. ಅಕ್ಕ ತೀರಿಕೊಂಡ ಸುದ್ದಿಯೇ ಮೊದಲು ಬಂತು.

ಅಂಗಡಿಯವನು “ಏನು ಹೊಲಿಸ್ತೀರಮ್ಮ, ಎಷ್ಟು ಮೀಟರ್ ಹರೀಲಿ?” ಎಂದು ಕೇಳಿದ. ನಾನು ಬಟ್ಟೆಯ ತುದಿಯನ್ನು ಮತ್ತೊಮ್ಮೆ ಮೂಗಿಗೆ ಹಿಡಿದೆ.