ಗಂಜಿ ವಸ್ತಾದನ ಮಗಳು

ಹೊಸ ಸೀರೆಯ ಮಡಿಕೆ ಬಿಚ್ಚಿದಾಗ ಬರುವ ಗಂಜಿಯ ವಾಸನೆ ನಿಮಗೆ ಹಬ್ಬದ ವಾಸನೆಯಾಗಿದ್ದೀತು. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಸಾಕು, ತಲೆ ತಗ್ಗುತ್ತದೆ. ಇಳಕಲ್ಲಿನಲ್ಲಿ ನೇಕಾರನ ಮಗಳಾಗಿ ಹುಟ್ಟಿಯೂ, ಹೊಸ ಸೀರೆಯನ್ನು ನೀರಿಗೆ ಅದ್ದದೆ ಎಂದೂ ಉಟ್ಟವಳಲ್ಲ. ಬಾಗಲಕೋಟೆಯ ನಮ್ಮ ಅತ್ತೆ ಇದನ್ನು ಶುಚಿತನ ಎಂದು ತಿಳಿದು ನೆರೆಹೊರೆಯವರ ಮುಂದೆ ಹೊಗಳುತ್ತಾರೆ. ಪುಕ್ಕಟೆ ಬಂದ ಹೊಗಳಿಕೆ, ಬೇಡ ಅನ್ನಲು ನನಗೂ ಮನಸ್ಸು ಬಂದಿಲ್ಲ. ಮೊನ್ನೆ ಮುದುಕನೊಬ್ಬ ಸೀರೆಯ ಗಂಟು ಹೊತ್ತು ಬಂದು ನಮ್ಮ ಕಟ್ಟೆಯ ಮೇಲೆ ಬಿಚ್ಚಿದ. ಇಳಕಲ್ಲಿನ ಮಾಲು. ಅದೇ ವಾಸನೆ.

ಅಪ್ಪ ಕುಣಿಮಗ್ಗದವನು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಹಲಗೆ ತುಳಿಯುತ್ತ ಲಾಳಿ ಎಸೆಯುವ ಕೆಲಸ. ಪ್ಲೇಗು ಬಂದ ವರ್ಷ ಊರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಅಪ್ಪ ಬದುಕಿ ಉಳಿದ. ಆದರೆ ಜ್ವರ ಅವನ ಬಲಗಾಲಿನ ಕಸುವು ಕಸಿದುಕೊಂಡಿತು. ಕುಂಟುತ್ತ ನಡೆಯಬಲ್ಲ, ಹಲಗೆ ತುಳಿಯಲಾರ. ಮಗ್ಗ ನಿಂತಿತು. ಅವ್ವ ಕಂಡವರ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತಲು ಹೋಗತೊಡಗಿದಳು. ಅವಳು ದುಡಿದು ತಂದ ರೊಟ್ಟಿಯನ್ನು ಅಪ್ಪ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ.

ನಮ್ಮ ಓಣಿಯಲ್ಲಿ ಒಂದು ತಾಲೀಮು, ಅಂದರೆ ಗರಡಿಮನೆ, ಇತ್ತು. ದಿನವಿಡೀ ಮಗ್ಗದಲ್ಲಿ ಕೂತು ಮೈ ಹಿಡಿದುಕೊಂಡ ಹುಡುಗರು ಸಂಜೆ ಅಲ್ಲಿ ಕುಸ್ತಿ ಆಡುತ್ತಿದ್ದರು. ಅಲ್ಲಿ ಕುಸ್ತಿ ಕಲಿಸುವ ವಸ್ತಾದರು ಹುಸೇನಸಾಬರು. ಕಣದ ಮಣ್ಣು ನೋಡಿಕೊಳ್ಳುತ್ತಿದ್ದವನು ಪ್ಲೇಗಿನಲ್ಲಿ ಹೋಗಿದ್ದ. ಆ ಕೆಲಸಕ್ಕೆ ಅವರು ಅಪ್ಪನನ್ನು ಕರೆದರು. ಆಟದ ಹುಡುಗರಿಗೆ ಮಣ್ಣು ಹದ ಮಾಡುವುದೂ ಒಂದು ಉದ್ಯೋಗವೇ ಎಂದು ಅಪ್ಪನಿಗೆ ನಾಚಿಕೆ. ನೂಲು ಕೊಯ್ದ ಅವ್ವನ ಬೆರಳುಗಳನ್ನು ನೋಡಿ ಒಪ್ಪಿದ. ರುಮಾಲನ್ನು ಹುಬ್ಬಿನ ತನಕ ಎಳೆದುಕೊಂಡು ಹಿತ್ತಲ ದಾರಿಯಿಂದ ಹೋಗುತ್ತಿದ್ದ. ಕಣದಲ್ಲಿ ಕೂತು ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಷಿಣ ಬೆರೆಸಿ ಹೆಂಟೆಗಳನ್ನು ಕೈಯಿಂದಲೇ ಪುಡಿ ಮಾಡುತ್ತಿದ್ದ. ಹುಡುಗಿಯರು ಒಳಗೆ ಹೋಗುವಂತಿಲ್ಲವಾದ್ದರಿಂದ ನಾನು ಮಜ್ಜಿಗೆಯ ಗಡಿಗೆಯನ್ನು ಹೊಸ್ತಿಲಲ್ಲಿಟ್ಟು, ಗೆಳತಿಯರು ಕಂಡಾರೆಂದು ಓಡಿ ಬರುತ್ತಿದ್ದೆ.

ಬೇಸಿಗೆಯಲ್ಲಿ ಹುನಗುಂದದವರ ಜೊತೆ ಕುಸ್ತಿ ಗೊತ್ತಾಯಿತು. ವಸ್ತಾದರು ಅವರನ್ನು ಕರೆತರಲು ಹೋಗಿದ್ದರು. ಇತ್ತ ಕಣದಲ್ಲಿ ಧೂಳು ಏಳುತ್ತಿತ್ತು. ಅಪ್ಪ ಏನು ಮಾಡಿದನೆಂದರೆ, ಮನೆಯಲ್ಲಿ ಹಂಡೆ ತುಂಬ ಗಂಜಿ ಕಾಸಿದ. ಮಗ್ಗದ ಹಾಸುನೂಲಿಗೆ ಗಂಜಿ ಹಚ್ಚಿ ಬಿಸಿಲಿಗೆ ಒಣಗಿಸುವುದು ನೇಕಾರರ ಪದ್ಧತಿಯಲ್ಲವೇ, ಹಾಗೇ ಕಣಕ್ಕೆಲ್ಲ ಹೊಯ್ದು, ಮೇಲೆ ನುಣ್ಣನೆ ಮಣ್ಣು ಉದುರಿಸಿದ. ಮರುದಿನದ ಬಿಸಿಲಿಗೆ ಅದು ಕಲ್ಲಾಯಿತು. ಮೊದಲು ಬಿದ್ದ ಹುನಗುಂದದ ಹುಡುಗನ ಮೊಳಕೈ ಸುಲಿದು ರಕ್ತ ಸುರಿಯಿತು. ಕುಸ್ತಿ ಅಲ್ಲಿಗೇ ನಿಂತಿತು. ನೋಡಲು ಬಂದ ಜನ ಹೊಟ್ಟೆ ಹಿಡಿದು ನಕ್ಕರು. ಅಂದೇ ಅಪ್ಪನಿಗೆ ಗಂಜಿ ವಸ್ತಾದ ಎಂಬ ಹೆಸರು ಬಿತ್ತು.

ಅಪ್ಪ ಮನೆಗೆ ಬಂದು ಖಾಲಿ ಮಗ್ಗದ ಕುಣಿಯೊಳಗೆ ಇಳಿದು ಕೂತ. ಸಂಜೆ ಹುಸೇನಸಾಬರು ಬಂದು ಅದರ ಅಂಚಿಗೆ ಕುಕ್ಕರಗಾಲಲ್ಲಿ ಕೂತು, ಗಂಜಿ ಯಾಕೆ ಹಾಕಿದೆ ಎಂದು ಮೆಲ್ಲಗೆ ಕೇಳಿದರು.

"ಎಳಿ ಹರೀಬಾರದು ಅಂತ ಹಾಕ್ತೇವ್ರಿ," ಅಂದ ಅಪ್ಪ. "ಹುಡುಗರಿಗೂ ಏನೂ ಆಗಬಾರದು ಅಂತ ಹಾಕಿದೆ."

ವಸ್ತಾದರು ಅಪ್ಪನ ಹೆಗಲ ಮೇಲೆ ಕೈಯಿಟ್ಟರು. "ನಾಳೆ ಬಾ ಸಂಗಪ್ಪಾ. ಎಲ್ಲಾರೂ ಕೂಡಿ ಕಣಾ ಅಗಿಯೂಣು," ಎಂದು ಹೇಳಿ ಎದ್ದರು.

ಮರುದಿನ ನಸುಕಿಗೇ ಅಪ್ಪ ಹೋದ. ಆದರೆ ತಾಲೀಮಿಗೆ ಹೋಗಿರಲಿಲ್ಲ. ಮುಖ ತೋರಿಸಲಾರದೆ ಓಡಿಹೋದ ಎಂದು ಓಣಿಯೆಲ್ಲ ಆಡಿಕೊಂಡಿತು, ನಾನೂ ನಂಬಿದೆ. ಅದರ ಮರುದಿನ ಸಂಜೆ ಕಾಲು ಬಾತುಕೊಂಡು ಬಂದವನು, ಯಾರಿಗೂ ಏನೂ ಹೇಳದೆ ಗುದ್ದಲಿ ತೆಗೆದುಕೊಂಡು ಕಣಕ್ಕೆ ಹೋದ. ಸಾಯುವ ತನಕ ಅದೇ ಕೆಲಸ ಮಾಡಿದ. ನನಗೆ ಆ ಹೆಸರಿಗಿಂತ ಅವನು ಓಡಿಹೋದದ್ದರ ನಾಚಿಕೆಯೇ ಹೆಚ್ಚು. ಮದುವೆಯಾಗಿ ಬಾಗಲಕೋಟೆಗೆ ಬಂದಾಗ, ಇಲ್ಲಿ ಯಾರಿಗೂ ಗೊತ್ತಿಲ್ಲವಲ್ಲ ಎಂದು ಉಸಿರು ಬಿಟ್ಟಿದ್ದೆ.

ಮೊನ್ನೆ ಆ ಮುದುಕ, ಇಳಕಲ್ಲಿನಲ್ಲಿ ಯಾರ ಮಗಳು ಎಂದು ಕೇಳಿದ. ನೇಕಾರ ಸಂಗಪ್ಪನ ಮಗಳು ಎಂದೆ. ಸಂಗಪ್ಪ ಅನ್ನುವವರು ಓಣಿಗೊಬ್ಬರು ಇದ್ದಾರೆಂದು ನಕ್ಕು, ಸೀರೆ ಮಡಚಲು ಕೈ ಎತ್ತಿದ. ಅವನ ಮೊಳಕೈ ಮೇಲೆ ಅಗಲವಾದ ಹಳೆಯ ಕಲೆಯಿತ್ತು. ಅತ್ತೆ ಪಕ್ಕದಲ್ಲೇ ಕೂತಿದ್ದರು. ಆದರೂ ಬಾಯಿಗೆ ಬಂದುಬಿಟ್ಟಿತು.

"ಗಂಜಿ ವಸ್ತಾದನ ಮಗಳು."

ಮುದುಕನ ಕೈ ನಿಂತಿತು. "ಅವತ್ತು ಬಿದ್ದಾವ ನಾನೇ ಯವ್ವಾ," ಅಂದ. "ಮರುದಿನ ನಿಮ್ಮಪ್ಪ ಅರಿಷಿಣದ ಗಂಟು ಹಿಡಕೊಂಡು, ಕುಂಟಕೋತ ಹುನಗುಂದಕ್ಕ ಬಂದಿದ್ದರು. ರಾತ್ರಿಯೆಲ್ಲಾ ನನ್ನ ಹಾಸಿಗಿ ಹಂತೇಕ ಕುಂತಿದ್ದರು."

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಒಂದು ಸೀರೆ ಆರಿಸಿ ಅಂದೇ ಉಟ್ಟೆ, ನೀರಿಗೆ ಅದ್ದಲಿಲ್ಲ. ವಾಸನೆ ಬಂದಾಗಲೆಲ್ಲ ತಲೆ ಈಗಲೂ ತಗ್ಗುತ್ತದೆ. ಓಡಿಹೋದನೆಂದು ಇಷ್ಟು ವರ್ಷ ನಂಬಿದವಳು ನಾನಲ್ಲವೇ.