ಮುಫ್ಲಿಹ್ ಆರಿಸಿದ ಗದ್ದಲದ ಪ್ರಿಂಟರ್

ಅಮ್ಮಾನಿನ ಹಳೇ ಕೋರ್ಟಿನ ಎದುರು, ಫಲಾಫೆಲ್ ವಡೆಯ ಅಂಗಡಿಯ ಪಕ್ಕ ಮುಫ್ಲಿಹ್ ಮೂವತ್ತೊಂದು ವರ್ಷ ಅರ್ಜಿ ಬರೆದ. ಒಂದು ಛತ್ರಿ, ಮೇಜು, ಎದುರಿಗೊಂದು ಸ್ಟೂಲು, ಟೈಪ್‌ರೈಟರು. ಓದು ಬಾರದವರು ಸ್ಟೂಲಿನ ಮೇಲೆ ಕೂತು ಗೋಳು ಹೇಳಿಕೊಳ್ಳುತ್ತಿದ್ದರು. ಅವನು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದುತ್ತಾ ಕುಟ್ಟುತ್ತಿದ್ದ. ಆ ಸದ್ದು ನೆನಪಾದರೆ ಈಗಲೂ ಅವನ ಬೆರಳು ಮೇಜಿನ ಮೇಲೆ ಕುಟ್ಟತೊಡಗುತ್ತದೆ. ಈಗೇನು, ಅರ್ಜಿಯೆಲ್ಲ ಫೋನಿನಲ್ಲೇ ಹೋಗುತ್ತವಂತೆ. ಜನ ತಮ್ಮ ಗೋಳನ್ನು ಯಾರ ಮುಂದೆ ಹೇಳಿಕೊಳ್ಳುತ್ತಾರೋ ದೇವರೇ ಬಲ್ಲ.

ಟೈಪ್ ಮಾಡಿದ ಅರ್ಜಿ ಇನ್ನು ನಡೆಯದು, ಕಂಪ್ಯೂಟರಿನದೇ ಬೇಕು ಎಂದು ಕೋರ್ಟಿನವರು ಹೇಳಿದ ವರ್ಷದ ಮಾತು. ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದ ಮಗಳು ನವಾಲ್ ತನ್ನ ಹಳೇ ಲ್ಯಾಪ್‌ಟಾಪ್ ಕೊಟ್ಟಳು, ಜೊತೆಗೆ ತಾನೇ ಆರಿಸಿ ಒಂದು ಲೇಸರ್ ಪ್ರಿಂಟರ್ ತಂದಳು, ಪಕ್ಕದ ಅಂಗಡಿಯಿಂದ ಕರೆಂಟಿನ ವೈರನ್ನೂ ಎಳೆಸಿದಳು.

"ಅಪ್ಪಾ, ಕಣ್ಮುಚ್ಚಿ ಬಿಡೋದ್ರೊಳಗೆ ಹಾಳೆ ಹೊರಗೆ. ಸದ್ದೇ ಇಲ್ಲ. ನಿನ್ನ ಆ ಕುಟ್ಟಾಣೀನ ಇನ್ನು ಗುಜರಿಗೆ ಹಾಕು."

ಮೊದಲು ಬಂದವಳು ಉಮ್ಮ್ ಝೈದಾನ್, ಹಿಂದೆಯೂ ಅವನ ಕೈಲಿ ಬರೆಸಿದ ಮುದುಕಿ. ಗಂಡ ತೀರಿಕೊಂಡು ನಲವತ್ತು ದಿನವೂ ಆಗಿರಲಿಲ್ಲ, ಮೈದುನ ಮನೆ ತನ್ನದೆಂದು ಪಟ್ಟು ಹಿಡಿದಿದ್ದ. ಗುರುವಾರದೊಳಗೆ ಅರ್ಜಿ ಕೊಡದಿದ್ದರೆ ಅವಳು ಬೀದಿಪಾಲು. ಅವಳು ಅಳುತ್ತಾ ಹೇಳಿದಳು, ಮುಫ್ಲಿಹ್ ಸದ್ದಿಲ್ಲದೆ ಬೆರಳಾಡಿಸಿದ. ಗುಂಡಿ ಒತ್ತಿದ್ದೇ ತಡ, ಹಾಳೆ ಜಾರಿ ಬಿತ್ತು.

"ಇದ್ಯಾರದ್ದು?"

"ನಿನ್ನದೇ ತಾಯಿ. ಹೆಬ್ಬೆಟ್ಟು ಒತ್ತು."

"ನನ್ನದಾಗಿದ್ರೆ ಇಷ್ಟು ಬೇಗ ಹೆಂಗೆ ಬರುತ್ತೆ? ಐವತ್ತು ವರ್ಷ ಸಂಸಾರ ಮಾಡಿದೀನಿ! ಯಾರಿಗೋ ಬರೆದಿಟ್ಟಿದ್ದನ್ನ ನನ್ನ ತಲೆಗೆ ಕಟ್ತೀಯಾ?"

ಅವನು ಓದಿ ಹೇಳಿದ. ಮುದುಕಿ ತಲೆ ಅಲ್ಲಾಡಿಸಿದಳು.

"ಓದೋದೇನು, ಬಾಯಿಗೆ ಬಂದದ್ದು ಓದಬಹುದು. ಮುಂಚೆ ನೀನು ಕುಟ್ಟೋವಾಗ ನಾನು ನಿಲ್ಲಿಸು ಅಂದ್ರೆ ನಿಲ್ಲಿಸ್ತಿದ್ದೆ, ನವಾಲಳ ಅಪ್ಪಾ."

ಶಾಲು ಎಳೆದುಕೊಂಡು ಹೊರಟೇಬಿಟ್ಟಳು. ಅವತ್ತು ಮಂಗಳವಾರ.

ಮುಫ್ಲಿಹ್‌ಗೆ ಊಟ ಸೇರಲಿಲ್ಲ. ಪ್ರಿಂಟರನ್ನು ಕಂಕುಳಲ್ಲಿ ಅವುಚಿಕೊಂಡು ಅದನ್ನು ಕೊಂಡ ಅಂಗಡಿಗೆ ಹೋದ.

"ಇದಕ್ಕೇನಾಗಿದೆ ಹಾಜಿ?" ಅಂದ ಅಂಗಡಿಯವನು.

"ಏನೂ ಆಗಿಲ್ಲ, ಬಲು ಚುರುಕು. ನನಗೆ ನಿಧಾನದ್ದು ಬೇಕು. ಸಾಲು ಸಾಲಾಗಿ ಬರೆಯೋದು, ಸದ್ದು ಮಾಡೋದು."

ಅಂಗಡಿಯವನು ಹೊಟ್ಟೆ ಹಿಡಿದು ನಕ್ಕ. ಆಮೇಲೆ ಮೂಲೆಯಿಂದ ಗೋದಾಮುಗಳಲ್ಲಿ ರಸೀದಿ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಒಂದನ್ನು ಎಳೆದು ಧೂಳು ಕೊಡವಿದ. "ಇದು ಊರಿಗೆಲ್ಲ ಕೇಳುತ್ತೆ, ಯಾರೂ ತಗೊಳ್ಳಲ್ಲ." ಗುಂಡಿ ಒತ್ತಿದಾಗೊಮ್ಮೆ ಒಂದೇ ಸಾಲು ಬರೆಯುವಂತೆ ಅದನ್ನು ಸರಿಮಾಡಿಯೂ ಕೊಟ್ಟ. ನವಾಲ್ ಹಣೆ ಹಣೆ ಚಚ್ಚಿಕೊಂಡಳು.

ಬುಧವಾರ ಮುಫ್ಲಿಹ್ ತಾನೇ ಮುದುಕಿಯ ಮನೆಗೆ ಹೋಗಿ, ಗೋಗರೆದು ಕರೆತಂದ. ಮೊದಲ ಸಾಲಿಗೆ ಯಂತ್ರ ಕರಕರ ಎಂದು ಅರಚಿದಾಗ ಫಲಾಫೆಲ್ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ಉಮ್ಮ್ ಝೈದಾನಳ ಬೆನ್ನು ನೆಟ್ಟಗಾಯಿತು. ಅವನು ಒಂದು ಸಾಲು ಓದುವುದು, ಅವಳು ಹೂಂ ಅನ್ನುವುದು, ಯಂತ್ರ ಬರೆಯುವುದು.

"ನನ್ನ ಗಂಡ ಇದೇ ಮನೆಯಲ್ಲಿ ತೀರಿಕೊಂಡರು," ಎಂದು ಓದಿದ.

"ನಿಲ್ಲಿಸು! ನನ್ನ ತೊಡೆ ಮೇಲೆ ತಲೆಯಿಟ್ಟು ತೀರಿಕೊಂಡರು. ಹಂಗೆ ಬರಿ."

ಕೋರ್ಟಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ ಎನ್ನಲು ಅವನು ಬಾಯಿ ತೆರೆದ. ಆಗ ಹೆಂಡತಿ ಹೈಫಾ ನೆನಪಾದಳು. ಅವಳು ತೀರಿಕೊಂಡ ದಿನ ಆಸ್ಪತ್ರೆಯ ಕಾಗದದಲ್ಲಿ ಬರೀ ತಾರೀಖು ತುಂಬಿ ಬಂದಿದ್ದ, ಊರಿಗೆಲ್ಲ ಅರ್ಜಿ ಬರೆಯುವ ಮಹಾಶಯ. ಅವನಿಗೂ ಹೇಳುವುದು ಬೇಕಾದಷ್ಟಿತ್ತು, ನಿಲ್ಲಿಸು ಎನ್ನಲು ತೋಚಿರಲಿಲ್ಲ.

ಮುದುಕಿ ಹೇಳಿದಂತೆಯೇ ಬರೆದು ಗುಂಡಿ ಒತ್ತಿದ. ಯಂತ್ರ ಆ ಸಾಲನ್ನು ಇಡೀ ಬೀದಿಗೆ ಕೇಳುವಂತೆ ಬರೆಯಿತು. ಹಾಳೆ ಪೂರ್ತಿ ಹೊರಬರುವಷ್ಟರಲ್ಲಿ ಉಮ್ಮ್ ಝೈದಾನ್ ತಾನಾಗಿಯೇ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು ಕಾಯುತ್ತಾ ಕೂತಿದ್ದಳು.