ಹೆಣ್ಣು ನೋಡಲು ಹೋದಾಗ ಕೇಳಿದ ಪ್ರಶ್ನೆ

ಗೆಳೆಯರೇ, ನಾವೇ ಗಂಡಿನ ಕಡೆಯವರು ಎಂಬುದನ್ನು ಬಿಟ್ಟು ಬರೆಯೋಣ ಎಂದುಕೊಂಡಿದ್ದೆ, ಮನಸ್ಸೊಪ್ಪಲಿಲ್ಲ. ಇಂದು ಅಕ್ಕನ ಮಗನಿಗೆ ಹೆಣ್ಣು ನೋಡಲು ಹರಿಹರಕ್ಕೆ ಹೋಗಿದ್ದೆವು. ಕುಡಿಯುವ ನೀರಿಗಾಗಿ ರಸ್ತೆ ತಡೆದದ್ದಕ್ಕೆ ತನಗೆ ಮೂರು ತಿಂಗಳ ಶಿಕ್ಷೆಯಾಗಿದೆ, ಮೇಲ್ಮನವಿ ಹಾಕಿದ್ದೇನೆ ಎಂದು ಹುಡುಗಿಯೇ ಉಪ್ಪಿಟ್ಟು ಕೊಡುತ್ತ ಹೇಳಿದಳು.

"ಕಾನೂನು ಅಂದ್ರೆ ಕಾನೂನವ್ವಾ. ಕೊಟ್ಟಿದ್ದು ಸರಿ ಐತೆ," ಎಂದರು ಹುಡುಗನ ತಂದೆ, ನಮ್ಮ ಭಾವ. ನಾನೂ ತಲೆಯಾಡಿಸಿದೆ.

"ಬಸ್ಸಿಗೆ ಕಲ್ಲು ಹೊಡೆದೋರಿಗೂ ಅಷ್ಟೇ, ಸುಮ್ನೆ ಕುಂತಿದ್ದ ನಮಗೂ ಅಷ್ಟೇ ಕೊಟ್ಟಾರ್ರಿ. ಹಿಂಗಾದ್ರೆ ಮುಂದಿನ ಸಲ ಸುಮ್ನೆ ಕುಂದ್ರೋರು ಯಾರು, ನೀವೇ ಹೇಳ್ರಿ."

"ಸಾಕು, ಒಳಗೆ ಬಾರೇ!" ಎಂದರು ಅವಳ ತಾಯಿ.

ಭಾವ ತಟ್ಟೆ ಕೆಳಗಿಟ್ಟು ನಕ್ಕರು. "ಇರ್ಲಿ ಬಿಡ್ರಿ. ನಮ್ಮ ಹುಡುಗ ನಿಂಗೆ ಒಪ್ಪಿಗೇನವ್ವಾ?"

"ವಿಚಾರ ಮಾಡಿ ಬುಧವಾರ ಹೇಳ್ತೀನ್ರಿ."

ಈ ಪೋಸ್ಟನ್ನು ಉತ್ತರ ಬಂದ ಮೇಲೆ ಹಾಕು ಎಂದಳು ಅಕ್ಕ. ಹುಡುಗಿ ಒಲ್ಲೆ ಎಂದುಬಿಟ್ಟರೆ ಆಮೇಲೆ ಅವಳ ಪ್ರಶ್ನೆಯನ್ನು ಇಷ್ಟು ಧಾರಾಳವಾಗಿ ಮೆಚ್ಚುತ್ತೇನೋ ಇಲ್ಲವೋ ಎಂದು ಇವತ್ತೇ ಹಾಕುತ್ತಿದ್ದೇನೆ, ಭಾನುವಾರ.